ಖಾಲಿ ಎಂದು ಬರೆದಿಟ್ಟ ಚಿಪ್ಪು

ಟಕ್. ಗೋಡೆಯ ಗಾಜಿನ ಬೀರುವಿನೊಳಗಿನಿಂದ ಬಂದ ಸದ್ದು. ಸ್ವಲ್ಪ ಬಿಟ್ಟು ಕೆರ್ರೆಂದು ಏನೋ ಉಜ್ಜಿದಂತಾಯಿತು.

"ಇಲಿ ಇರ್ಬೇಕಕ್ಕ," ಎಂದಳು ಅಮ್ಮ. ಆ ಬೆಳಿಗ್ಗೆ ನಾವಿಬ್ಬರೂ ದೊಡ್ಡಮ್ಮನ ಮನೆಗೆ ಹೋಗಿದ್ದೆವು.

"ಬಿಗಿಯಾಗಿ ಮುಚ್ಚಿರೋ ಬೀರು. ನೀನೇನಾದ್ರೂ ಇಲಿಗೆ ಬೀಗದ ಕೈ ಕೊಟ್ಟಿದ್ಯಾ?" ದೊಡ್ಡಮ್ಮ ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ.

ದೊಡ್ಡಮ್ಮ ದರ್ಜಿ. ಮೂವತ್ತು ವರ್ಷಗಳಿಂದ ಮನೆಯಲ್ಲೇ ಇರುವ ಅಂಗಡಿ ತೆರೆಯುವ ಮೊದಲು ದಡದಲ್ಲಿ ನಡೆದು, ಮುಷ್ಟಿಗಿಂತ ದೊಡ್ಡದಾದ ಕಡಲ ಬಸವನಹುಳುಗಳ ಚಿಪ್ಪು ಆರಿಸುತ್ತಾಳೆ. ಬಟ್ಟೆಯ ಅಂಚು ನೋಡುವಂತೆ ಹೆಬ್ಬೆರಳಿನಿಂದ ಚಿಪ್ಪಿನ ತುಟಿ ಸವರುತ್ತಾಳೆ, ಸುರುಳಿ ಎಣಿಸುತ್ತಾಳೆ, ಯಾವ ಜಾತಿಯದೆಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಅದಕ್ಕೂ ಮೊದಲು ಮೂಸುತ್ತಾಳೆ. "ಖಾಲಿಯದಕ್ಕೆ ಬರೀ ಉಪ್ಪಿನ ವಾಸನೆ. ಜೀವ ಇರೋದಕ್ಕೆ ಹಸಿ ಕೆಸರಿನದು. ಸತ್ತಿದ್ದನ್ನ ನಾನು ಹೇಳ್ಬೇಕಾಗಿಲ್ಲ, ಬೀದಿಯೇ ಹೇಳುತ್ತೆ." ಜೀವವಿದ್ದರೆ ನೀರಿಗೆ ಬಿಡುತ್ತಾಳೆ. ಒಂದು ಜೀವವನ್ನೂ ಮನೆಗೆ ತಂದವಳಲ್ಲ ಎಂಬುದೊಂದೇ ಅವಳ ಜಂಭ.

ಮತ್ತೆ ಟಕ್. ದೊಡ್ಡಮ್ಮ ಎದ್ದು ಬೀರು ತೆರೆದಳು.

ಗಬ್ಬು ನಾತ ಮುಖಕ್ಕೆ ಹೊಡೆಯಿತು. ನಾನೂ ಅಮ್ಮನೂ ಮೂಗು ಹಿಡಿದು ಹಿಂದೆ ಸರಿದೆವು. ದೊಡ್ಡಮ್ಮ ಮಾತ್ರ ತಲೆಯನ್ನು ಒಳಕ್ಕೇ ಹಾಕಿ ನಿರಾಳವಾಗಿ ಇಣುಕುತ್ತಿದ್ದಳು.

"ಅಕ್ಕಾ, ನಿನಗೆ ವಾಸನೆ ಬರ್ತಿಲ್ವಾ?"

"ಹೋದ ತಿಂಗಳು ಜ್ವರ ಬಂದಾಗಿಂದ ಇಲ್ಲ."

"ನನಗೆ ಹೇಳಲೇ ಇಲ್ಲವಲ್ಲೇ!"

"ತಾನೇ ಸರಿಹೋಗುತ್ತೆ ಅಂದ್ಕೊಂಡೆ."

ಜ್ವರ ಬಂದ ಮೇಲೆ ತಂದ ಚಿಪ್ಪುಗಳು ಎರಡೇ. ಒಂದರ ಬಾಯಿಂದ ಕಪ್ಪು ನೀರು ಸೋರಿ, 'ಖಾಲಿ' ಎಂದು ಬರೆದ ಚೀಟಿಯನ್ನು ನೆನೆಸಿತ್ತು. ಇನ್ನೊಂದು ಮೊನ್ನೆಯದು. ಅದರ ಬಾಯಿ ಮುಚ್ಚುವ ಕಂದು ಬಿಲ್ಲೆ ಮೆಲ್ಲಗೆ ಹೊರಬಂದು ಗಾಜನ್ನು ಕೆರೆದು, ಮತ್ತೆ ಒಳಕ್ಕೆ ಸರಿಯಿತು. ಅದರಡಿಯ ಚೀಟಿಯಲ್ಲೂ ಅದೇ ದುಂಡಗಿನ ಅಕ್ಷರ: ಖಾಲಿ.

ದೊಡ್ಡಮ್ಮ ಎರಡೂ ಚೀಟಿಗಳನ್ನು ಕಿತ್ತು ಮುಷ್ಟಿಯಲ್ಲಿ ಹಿಂಡಿದಳು. ಜೀವವಿದ್ದ ಚಿಪ್ಪನ್ನು ನಾನೇ ಎತ್ತಿಕೊಟ್ಟೆ.

"ಬದುಕುತ್ತಾ ದೊಡ್ಡಮ್ಮ?"

"ಎರಡು ದಿನ ನೀರಿಲ್ಲ ಅದಕ್ಕೆ." ಅಳತೆ ತೆಗೆದಿಟ್ಟಿದ್ದ ಹೊಸ ಬಟ್ಟೆಯನ್ನೇ ನೀರಲ್ಲಿ ಅದ್ದಿ ಸುತ್ತಿದಳು.

"ಅಯ್ಯೋ, ಅದು ಗಿರಾಕಿದು!" ಎಂದಳು ಅಮ್ಮ.

"ಅವಳು ಬಂದ್ರೆ ಕೂತಿರು ಅನ್ನು." ದೊಡ್ಡಮ್ಮ ಚಪ್ಪಲಿಯನ್ನೂ ಮೆಟ್ಟದೆ ಹೊಸ್ತಿಲು ದಾಟಿದ್ದಳು. "ಇದು ಮೈ ಚಾಚೋವರೆಗೂ ನಾನು ನೀರಲ್ಲೇ ನಿಂತಿರ್ತೀನಿ, ಒಂದು ವೇಳೆ ಚಾಚದೇ ಹೋದ್ರೆ ಆ ನೋಟ್‌ಬುಕ್ಕನ್ನ ನೀನು ಒಲೆಗೆ ಹಾಕ್ಬಿಡು."