ಅವ್ವನ ಕೊಳ್ಳಿ

ಧರ್ಮ ಹಾಡುವುದನ್ನು ಮೊದಲ ಸಲ ಕೇಳಿದವರು ಅವನ ಅಂಗಡಿಯಲ್ಲಿ ಯಾವುದೋ ಮೋಟಾರ್ ಕೆಟ್ಟು ಗುರುಗುಟ್ಟುತ್ತಿದೆ ಎಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡು ಒಂದು ಸಲ ಓಡಿಹೋಗಿದ್ದೆ.

ಪಾಳ್ಯದ ರಸ್ತೆಯಲ್ಲಿ ನಮ್ಮ ಹಿತ್ತಲಿಗೆ ಅಂಟಿಕೊಂಡ ಹಾಗೆ ಅವನ ಅಂಗಡಿ, ಅದರ ಹಿಂದೆಯೇ ಮನೆ. ಸುಟ್ಟ ಪಂಪ್‌ಸೆಟ್ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವನ ಕೆಲಸ. ಒಂದು ಸುತ್ತು ಲೆಕ್ಕ ತಪ್ಪಿದರೂ ಪೂರ್ತಿ ಬಿಚ್ಚಿ ಮತ್ತೆ ಮೊದಲಿಂದ ಶುರು ಮಾಡಬೇಕು. ಆ ಹೊತ್ತಿನಲ್ಲಿ ಯಾರು ಮಾತಾಡಿಸಿದರೂ ತಲೆ ಎತ್ತುವುದಿಲ್ಲ. ಭಾನುವಾರ ಬಂದರೆ ಹಾಸನಕ್ಕೆ ಹೋಗಿ ಮೂವರು ಗೆಳೆಯರ ಜೊತೆ ಹಾಡುತ್ತಾನೆ. ಡೆತ್ ಮೆಟಲ್ ಅಂತ ಅದರ ಹೆಸರು. ಗಿಟಾರು, ಡ್ರಮ್ಮು ಗುಡುಗುತ್ತಿದ್ದರೆ ನಡುವೆ ಇವನ ದನಿ ನೆಲದೊಳಗಿಂದ ಬಂದ ಹಾಗೆ ಬರುತ್ತದೆ.

"ಗಂಟ್ಲು ಹರ್ದು ಹೋಗಲ್ವೇನೋ?" ಎಂದು ಕೇಳಿದ್ದೆ.

"ಗಂಟ್ಲಲ್ಲಿ ಕೂಗಿದ್ರೆ ಹರೀತದೆ ದೊಡ್ಡವ್ವ. ಇದು ಹೊಟ್ಟೆಯಿಂದ ಬರ್ಬೇಕು. ಉಸಿರು ಹಿಡಿಯೋದು ಕಲಿಯಕ್ಕೇ ಮೂರ್ ವರ್ಷ ಆಯ್ತು."

ಕೆಲಸ ಮುಗಿಸಿ ಅವನು ಅಂಗಡಿಯಲ್ಲಿ ಒಬ್ಬನೇ ಅಭ್ಯಾಸ ಮಾಡುವುದನ್ನು ನಾನು ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ದಿನವೂ ಕೇಳಿಸಿಕೊಳ್ಳುತ್ತಿದ್ದೆ. ಮೊದಮೊದಲು ಬರೀ ಗದ್ದಲ. ಒಂದು ತಿಂಗಳು ಕಳೆದ ಮೇಲೆ ಗದ್ದಲದೊಳಗೆ ಮಾತು ಕಾಣಿಸತೊಡಗಿತು. ಆನೆ, ಗದ್ದೆ, ಕೆರೆ ಏರಿ, ಅವ್ವ. ಮನೆಯಲ್ಲಿ ಅವನ ತಾಯಿ ಕೆಂಚಮ್ಮ ಮಾತ್ರ ಅವನು ಶುರು ಮಾಡಿದರೆ ಸಾಕು, ಬಿಂದಿಗೆ ಎತ್ತಿಕೊಂಡು ನೀರಿಗೆ ಹೊರಟುಬಿಡುತ್ತಿದ್ದಳು.

ಹೋದ ವರ್ಷ ಮಳೆ ಬಿಟ್ಟ ಮೇಲೆ ಬೆಂಗಳೂರಿನಿಂದ ಇಬ್ಬರು ಬಂದರು. ಇಂಥ ಹಾಡಿನವರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಾರಂತೆ. ಐದು ದಿನ ಇದ್ದರು. ಅವನು ತಂತಿ ಸುತ್ತುವುದನ್ನು ಎರಡು ದಿನ ಕ್ಯಾಮೆರಾದಲ್ಲಿ ಹಿಡಿದರು. ಕಪ್ಪು ಅಂಗಿ ಹಾಕಿಸಿ ಮಸಣದ ಬೇಲಿ ಪಕ್ಕ ನಿಲ್ಲಿಸಿದರು. "ನಿಮ್ಮೊಳಗೆ ಇಷ್ಟೊಂದು ಸಿಟ್ಟು ಎಲ್ಲಿಂದ ಬಂತು?" ಎಂದು ಮೇಲಿಂದ ಮೇಲೆ ಕೇಳಿದರು.

"ಸಿಟ್ಟೇನಿಲ್ಲ ಸಾರ್," ಎಂದು ಅವನು ನಕ್ಕ. ಆ ನಗು ಚಿತ್ರದಲ್ಲಿ ಬರಲಿಲ್ಲ.

ಚಿತ್ರ ಬಂದದ್ದು ಈ ಸಂಕ್ರಾಂತಿ ಕಳೆದ ಮೇಲೆ. ಧರ್ಮನ ಹೆಂಡತಿ ನಯನಾ ಬೆಳಗ್ಗೆ ತಿಂಡಿ ಮುಗಿಸಿ ಟಿವಿಯಲ್ಲಿ ಹಾಕಿದಳು. ಎದುರು ಮನೆಯ ಕುಳ್ಳಯ್ಯನೂ ಬಂದು ಕೂತ. ಮಂಜು, ಬೆಟ್ಟ, ಮಸಣ ಎಲ್ಲ ಬಲು ಚೆನ್ನಾಗಿ ಬಂದಿದ್ದವು. ಎರಡು ದಿನ ಹಿಡಿದುಕೊಂಡು ಹೋದ ತಂತಿ ಕೆಲಸದಲ್ಲಿ ಒಂದು ಸುತ್ತೂ ಚಿತ್ರದಲ್ಲಿ ಇರಲಿಲ್ಲ. ಕೊನೆಗೆ ಧರ್ಮನ ಹಾಡು ಬಂತು. ಒಂದೇ ಸಾಲು. ಆ ಗರ್ಜನೆಯಲ್ಲಿ ಮಾತು ತಿಳಿಯದವರಿಗೆಂದು ಕೆಳಗೆ ಕನ್ನಡದಲ್ಲೇ ಅಕ್ಷರ ಹಾಕಿದ್ದರು. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು, ಕೂಡಿಸಿ ಓದುವಷ್ಟರಲ್ಲಿ ಕುಳ್ಳಯ್ಯ ಗಟ್ಟಿಯಾಗಿ ಓದಿಬಿಟ್ಟ.

"ಅವ್ವನ ಕೊಲ್ಲಿ! ಅವ್ವನ ಕೊಲ್ಲಿ! ಏನೋ ಇದು ಧರ್ಮ, ಅನ್ನ ಹಾಕ್ದೋಳನ್ನೇ ಮುಗಿಸ್ಬುಡ್ತೀಯೇನೋ ಮಾರಾಯ?"

ಕೆಂಚಮ್ಮ ಎದ್ದು ನಿಂತಳು.

"ಅದು ಕೊಲ್ಲಿ ಅಲ್ಲವ್ವ, ಕೊಳ್ಳಿ! ಅವರು ತಪ್ಪು ಬರ್ದವ್ರೆ," ಎಂದ ಧರ್ಮ.

"ಕೊಳ್ಳಿಯಾ? ಹಂಗಾದ್ರೆ ಸತ್ತ ಮೇಲೆ ಇಡೋ ಕೊಳ್ಳಿ ಈಗ್ಲೇ ಇಡ್ತಿದೀಯ ಅನ್ನು," ಎಂದು ಒಳಗೆ ಹೋದಳು.

ಎಂಟು ದಿನ ಅವಳು ಮಗನಿಗೆ ಮುದ್ದೆ ಬಡಿಸಿದಳು, ಮಾತಾಡಲಿಲ್ಲ. ಧರ್ಮ ಆ ಭಾನುವಾರ ಹಾಸನಕ್ಕೆ ಹೋಗಲಿಲ್ಲ. ಚಿತ್ರದವರು ಫೋನಿನಲ್ಲಿ ತಪ್ಪಾಯಿತು ಎಂದರಂತೆ, ಅಕ್ಷರ ತಿದ್ದುತ್ತೇವೆ ಎಂದರಂತೆ. "ಅವ್ವಂಗೆ ಬೇಡ್ವಾದ್ರೆ ಹಾಡೂ ಬೇಡ, ಬಿಟ್ಬುಡ್ತೀನಿ," ಎಂದು ಅವನು ನಯನಾಗೆ ಹೇಳಿದ್ದು ನನ್ನ ಹಿತ್ತಲಿಗೆ ಕೇಳಿಸಿತು.

ನಾನು ತುಂಬ ಯೋಚನೆ ಮಾಡಿದೆ. ಚಿತ್ರದವರು ಕೆಟ್ಟವರಲ್ಲ. ಅವನ ಮನೆಯಲ್ಲೇ ಉಂಡವರು, ನಮಗೆಲ್ಲ ಕೈಮುಗಿದು ಹೋದವರು. ಆದರೆ ಈ ಹಾಡು ಅಂದರೆ ಸಿಟ್ಟು, ಸಾವು ಅಂತ ಬರುವಾಗಲೇ ಗೊತ್ತು ಮಾಡಿಕೊಂಡಿದ್ದರು. ಅದಕ್ಕೇ ಅವರ ಕಿವಿಗೆ ಅದೇ ಬಿತ್ತು. 'ಳ' ಅನ್ನಲು ನಾಲಿಗೆ ಮಡಚಬೇಕು. ಆ ಗರ್ಜನೆಯ ಒಳಗೂ ಅವನು ಮಡಚುವುದು ಕೇಳಿಸುತ್ತದೆ. ಆದರೆ ಒಂದು ತಿಂಗಳು ಕೂತು ಕೇಳಬೇಕು. ಕೆಂಚಮ್ಮನೂ ಕೂತು ಕೇಳಿದವಳಲ್ಲವಲ್ಲ.

ಒಂಬತ್ತನೇ ದಿನ ಬೆಳಗ್ಗೆ ಅವರ ಜಗಲಿಗೆ ಹೋದೆ. ಕೆಂಚಮ್ಮ ರಾಗಿ ಕೇರುತ್ತಿದ್ದಳು. "ಧರ್ಮ, ಪೂರ್ತಿ ಹಾಡು. ಅವಳು ಎದ್ದು ಹೋಗ್ದಂಗೆ ನಾನು ಸೆರಗು ಹಿಡ್ಕೊಂಡಿರ್ತೀನಿ," ಎಂದೆ.

"ಬಿಡಕ್ಕ, ನೀನೊಬ್ಳು," ಎಂದಳು ಕೆಂಚಮ್ಮ. ಎದ್ದು ಹೋಗಲಿಲ್ಲ.

ಅವನು ಅಂಗಳದಲ್ಲಿ ನಿಂತು ಉಸಿರು ತುಂಬಿಕೊಂಡ. ಹಾಡಿನಲ್ಲಿ ಅವನಿಗೆ ಆರು ವರ್ಷ. ಗದ್ದೆ ಕಾಯುವ ಗುಡಿಸಲು. ಮಳೆ ನಿಂತ ಸಂಜೆ, ಕೆರೆ ಏರಿ ಇಳಿದು ಬರುವ ಒಂಟಿ ಆನೆ. ಅವ್ವ ಒಬ್ಬಳೇ ಕೊಳ್ಳಿ ಹಿಡಿದು ಅದಕ್ಕೆ ಎದುರಾಗಿ ನಿಲ್ಲುತ್ತಾಳೆ, ಕೂಗುತ್ತಾಳೆ. ಅದು ಮಾತಿನ ಕೂಗಲ್ಲ. ಹೊಟ್ಟೆಯಿಂದ ಬಂದ "ಹ್ಹೋಓಓ". ಅಲ್ಲಿಗೆ ಬಂದಾಗ ಕೆಂಚಮ್ಮನ ಮೊರ ನಿಂತಿತು. ಅದು ಅವಳದೇ ಕೂಗು. ಮೂರು ವರ್ಷ ಉಸಿರು ಹಿಡಿದು ಅವನು ಕಲಿತದ್ದು ಅದನ್ನೇ.

ಹಾಡು ಮುಗಿದ ಮೇಲೆ ಮೊರ ಕೆಳಗಿಟ್ಟು ಕೆಂಚಮ್ಮ, "ತಪ್ಪು," ಎಂದಳು.

"ಏನವ್ವ ತಪ್ಪು?"

"ಕೊಳ್ಳಿ ಎಲ್ಲಿತ್ತೋ? ಬೆಂಕಿಪಟ್ಣ ನೆಂದು ತೊಪ್ಪೆಯಾಗಿತ್ತು. ನಾನು ಹಿಡ್ಕೊಂಡಿದ್ದು ಗುಡ್ಸಲಿನ ತಗಡು. ಅದನ್ನ ಬಡ್ಕೊಂಡು ಕೂಗ್ದೆ."

"ಕೆಂಪಗೆ ಉರೀತಿತ್ತಲ್ಲವ್ವ, ನಾನೇ ನೋಡ್ದೆ."

"ಮುಳುಗೋ ಸೂರ್ಯ ಬಿದ್ದಿರ್ಬೇಕು ತಗಡಿನ ಮೇಲೆ. ಚಿತ್ರದೋರಿಗೆ ಬೈತಿದ್ದೆ, ನೀನೂ ಅದೇ ಮಾಡಿದೀಯ ಕಣೋ. ಅವ್ರು ಅವ್ರ ಅಕ್ಷರ ತಿದ್ಕೊಳ್ಲಿ. ನೀನು ನಿನ್ದು ತಿದ್ಕೋ."

ಬಚ್ಚಲಿಗೆ ಹೋಗಿ ಹಂಡೆಯ ಮುಚ್ಚಳ ತಂದಳು. ಸೌದೆ ಚೂರಿನಿಂದ ಬಡಿದಳು. ಮೂರು ಬೇಗ, ಒಂದು ತಡೆದು. ಧರ್ಮ ತಂತಿಯ ಸುತ್ತು ಎಣಿಸುವ ಹಾಗೆ ತುಟಿಯಲ್ಲೇ ಎಣಿಸಿಕೊಂಡು ಕಾಲು ಕುಟ್ಟಿದ.

"ಹಂಗಲ್ಲ, ಆನೆ ಬರ್ತಾ ಐತೆ ಅನ್ಕೋ," ಎಂದು ಕೆಂಚಮ್ಮ ಮತ್ತೆ ಬಡಿದಳು.

ಮುಂದಿನ ಭಾನುವಾರ ಅವನು ಮುಚ್ಚಳವನ್ನು ಚೀಲಕ್ಕೆ ಹಾಕಿಕೊಂಡು ಹಾಸನದ ಬಸ್ಸು ಹತ್ತಿದ. ಅವರ ಬಚ್ಚಲಿನ ಹಂಡೆಯ ಮೇಲೆ ಇವತ್ತಿಗೂ ಒಂದು ಹಳೇ ಮೊರ ಮುಚ್ಚಿದೆ.