ಬೀಳಗಿಯ ಹೊಸ ಕುರ್ಚಿ

ತಾಳಿದವನು ಬಾಳಿಯಾನು ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಲ್ಲಿ ಯಾರೂ ಹಲ್ಲಿನ ದವಾಖಾನೆಯಲ್ಲಿ ಸಹಾಯಕರಾಗಿದ್ದಂತೆ ಕಾಣುವುದಿಲ್ಲ.

ಜಮಖಂಡಿಯಲ್ಲಿ ರೋಗಿಗಳ ಉಗುಳು ಹೀರುವ ನಳಿಕೆ ಹಿಡಿದಿದ್ದ ನನಗೆ ಡಾಕ್ಟರು, “ಬೀಳಗಿ ಬ್ರಾಂಚ್ ನೀನ ನೋಡ್ಕೋಬೇಕಪಾ” ಎಂದಿದ್ದರು. ತಮ್ಮ ಹೆಂಡತಿಯ ತಮ್ಮನಿಗೆ ಕೆಲಸ ಕಲಿಸೆಂದರು. ನನ್ನ ಕೈಕೆಳಗೆ ಬರುವವನೆಂದು ಎಲ್ಲ ಕಲಿಸಿದೆ.

ಉದ್ಘಾಟನೆಗೆ ಇಸ್ತ್ರಿ ಅಂಗಿ ತೊಟ್ಟು ಬೀಳಗಿಗೆ ಹೋದೆ. ಪೂಜೆ ಮುಗಿಯಿತು.

“ಮುಹೂರ್ತಕ್ಕ ಕುರ್ಚಿ ಖಾಲಿ ಇರಬಾರದು. ನೀನ ಕೂಡು” ಎಂದರು ಡಾಕ್ಟರು.

“ನನ್ನ ಹಲ್ಲು ಛಲೋ ಅದಾವ್ರಿ.”

“ಇರ್ಲಿ ಬಿಡೋ.” ಡಾಕ್ಟರು ಹೆಂಡತಿಯ ತಮ್ಮನ ಹೆಗಲ ಮೇಲೆ ಕೈಯಿಟ್ಟರು. “ಇನ್ನ ಇಲ್ಲಿ ಇನ್‌ಚಾರ್ಜ್ ಇವನ. ಇವನ ಕೈಗುಣ ನೋಡೂಣು.”

ಆ ತಮ್ಮ ನಳಿಕೆಯನ್ನು ನಾನು ಕಲಿಸಿದಂತೆಯೇ ನನ್ನ ನಾಲಿಗೆಯ ಪಕ್ಕಕ್ಕೆ ಇಟ್ಟಿದ್ದರಿಂದ ಆಕ್ಷೇಪ ಎತ್ತಲಾಗಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಮರಳಿದೆ.

ಈಗಲೂ ಜಮಖಂಡಿಯಲ್ಲಿ ಸಹಾಯಕನಾಗಿದ್ದೇನೆ.