ಚಿಂಚೋಳಿ ಗುಡ್ಡಕ್ಕೆ ಅರ್ಧ ದಿನ

ನಮ್ಮ ಯಜಮಾನರು ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸ ಮಾಡಿ ನಿವೃತ್ತರಾದವರು. ಮನೆಯಲ್ಲಿ ಚಹಾ ಐದು ನಿಮಿಷ ತಡವಾದರೂ ಅವರಿಗೆ ಕಾರಣ ಬೇಕು. ಕಳೆದ ಚಳಿಗಾಲದಲ್ಲಿ ಚಿಂಚೋಳಿ ಕಾಡಿನಂಚಿನ ಒಂದು ರೆಸಾರ್ಟಿಗೆ ಎರಡು ದಿನದ ಮಟ್ಟಿಗೆ ಹೋದೆವು. ಸೇಡಂನಿಂದ ನನ್ನಕ್ಕನೂ ಬಂದಳು. ಸಂಜೆಯೇ ಇವರು ಒಂದು ಚೀಟಿ ಬರೆದರು: ಆರೂವರೆಗೆ ಹೊರಡುವುದು, ಎಂಟೂವರೆಗೆ ಗುಡ್ಡದ ತುದಿ, ಅಲ್ಲೇ ನಾಷ್ಟಾ, ಹನ್ನೆರಡಕ್ಕೆ ವಾಪಸು.

"ನಡುವ ಕುಂದರ್ಲಿಕ್ಕಿ ಟೈಮ್ ಎಲ್ಲಿ ಬರದೀರಿ?" ಅಕ್ಕ ಕೇಳಿದಳು.

"ಎರಡು ಸಲ ಅದರಿ ಅಕ್ಕಾ, ಐದೈದು ನಿಮಿಷ."

ಬೆಳಿಗ್ಗೆ ಹೊರಟು ಅರ್ಧ ತಾಸಾಗಿರಲಿಲ್ಲ, ತಾಂಡಾದ ಹೆಣ್ಣುಮಗಳೊಬ್ಬಳು ಮೇಕೆ ಹೊಡೆದುಕೊಂಡು ಎದುರಾದಳು. ಅಕ್ಕ ನಿಂತಳು. ಆಕೆಗೆಷ್ಟು ಮಕ್ಕಳು, ಸೊಸೆಯ ತವರು ಯಾವುದು, ಆ ಸೊಸೆ ಯಾಕೆ ಮಾತು ಕಡಿಮೆ ಆಡುತ್ತಾಳೆ, ಎಲ್ಲ ಅಲ್ಲೇ ತಿಳಿಯಿತು. ಇವರು ಗಡಿಯಾರ ನೋಡಿದರು, ಕೆಮ್ಮಿದರು, ಕೊನೆಗೆ, "ನೀವು ಸಾವಕಾಶ ಬರ್ರಿ, ನಾ ಮುಂದ ಹೋಗಿರ್ತೀನಿ" ಎಂದು ಹೊರಟೇಬಿಟ್ಟರು. ರೊಟ್ಟಿಯ ಚೀಲ ಅಕ್ಕನ ಹೆಗಲಲ್ಲಿತ್ತು. ಅದು ಮೂವರಲ್ಲಿ ಯಾರಿಗೂ ನೆನಪಾಗಲಿಲ್ಲ.

ಗುಡ್ಡದ ನಡುವೆ ಒಂದು ಹಾಸುಬಂಡೆ ಸಿಕ್ಕಿತು. ಕೆಳಗೆ ಚಂದ್ರಂಪಳ್ಳಿ ಜಲಾಶಯದ ನೀರು ಪೂರಾ ಕಾಣುತ್ತಿತ್ತು.

"ಇನ್ನೂ ಮ್ಯಾಲ ಹೋದ್ರ ನೀರೇನು ಹೆಚ್ಚಾಗ್ತದೇನು?" ಎಂದ ಅಕ್ಕ ಕೂತು ಗಂಟು ಬಿಚ್ಚಿದಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು.

"ಅವರು ಹಸದಿರ್ತಾರಲ್ಲಕ್ಕ."

"ಹಸದ್ರ ತಾವೇ ಇಳದು ಬರ್ತಾರ, ತಿನ್ನು."

ಫೋನು ಹಚ್ಚಿ ನೋಡಿದೆ, ಸಿಗ್ನಲ್ ಇರಲಿಲ್ಲ. ಮನಸ್ಸು ಚುರ್ ಎಂದಿತು, ಆದರೂ ಎರಡು ರೊಟ್ಟಿ ತಿಂದೆ. ಸುಳ್ಳು ಯಾಕೆ ಹೇಳಲಿ, ಮೂರು.

ಹತ್ತು ಗಂಟೆಯ ಹೊತ್ತಿಗೆ ಮೇಲಿನಿಂದ ಕಲ್ಲು ಉರುಳಿದ ಸದ್ದು. ಇವರು ಕುಂಟುತ್ತ ಇಳಿದು ಬಂದರು. ಅಂಗಿಗೆಲ್ಲ ಮುಳ್ಳುಕಾಯಿ, ತಲೆಯಲ್ಲಿ ಒಣಗಿದ ಎಲೆ. ಬೈಗುಳಕ್ಕೆ ತಯಾರಾಗಿ ಕೂತೆ. ಅವರು ನಮ್ಮಿಬ್ಬರನ್ನೂ ಒಮ್ಮೆ ನೋಡಿ ಬಂಡೆಯ ಮೇಲೆ ಕುಸಿದು ಕುಳಿತರು.

"ಒಂದು ತಾಸು ದಾರಿ ನೋಡ್ದೆ. ಏನರ ಆಯ್ತೇನೋ ಅಂತ ಓಡಿ ಬಂದೆ," ಎಂದರು, ಸಣ್ಣ ದನಿಯಲ್ಲಿ. ಅಂಗೈ ತರಚಿತ್ತು. ನೀರು ಹಾಕಿ ತೊಳೆದೆ. ನನಗೆ ನಗಲಾಗಲಿಲ್ಲ. ಅಕ್ಕ ಉಳಿದ ರೊಟ್ಟಿಯನ್ನೆಲ್ಲ ಅವರ ಮುಂದಿಟ್ಟಳು. ಅವರು ಎರಡು ತಿಂದ ಮೇಲೆ ಕೇಳಿದಳು:

"ಮ್ಯಾಲ ಏನಿತ್ತರಿ?"

"ಗಾಳಿ."

ಈಗ ಅಕ್ಕ ನಕ್ಕಳು, ಆಮೇಲೆ ಅವರೂ ನಕ್ಕರು. ಮೂವರೂ ಇಳಿದು ರೆಸಾರ್ಟು ಸೇರುವಾಗ ಒಂದೂವರೆಯಾಗಿತ್ತು.

ವಾಡಿಗೆ ಬಂದ ಮೇಲೆ ಆ ತುದಿ ಬೆಳೆಯತೊಡಗಿದೆ. ಪಕ್ಕದ ಮನೆಯವರಿಗೆ ಹೇಳುವಾಗ ಅಲ್ಲಿಂದ ಸೇಡಂನ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಂಡಿತ್ತು. ಬೀಗರ ಎದುರು ತೆಲಂಗಾಣದ ಅರ್ಧ ಭಾಗವೇ ಕಂಡಿತು. "ಕೇಳ್ರಿ ಬೇಕಾದ್ರ" ಎಂದು ನನ್ನ ಕಡೆ ಕೈ ಮಾಡುತ್ತಾರೆ. ನಾನು ಚಹಾ ತರುತ್ತೇನೆಂದು ಎದ್ದು ಒಳಗೆ ಹೋಗುತ್ತೇನೆ.